ಹಾಡಿನ ಕೊನೆಯ ನುಡಿ

ವಿಜಯಪುರದ ಸೀಮೆಯಲ್ಲಿ ಡೊಳ್ಳಿನ ಪದ ಮುಗಿಯಿತೆಂದು ಜನರು ತಿಳಿಯುವುದು ಡೊಳ್ಳಿನ ಸದ್ದು ನಿಂತಾಗಲ್ಲ. ಹಾಡಿನಲ್ಲಿ ಅಂಕಿತ ಬಂದಾಗ. ರಾತ್ರಿಯೆಲ್ಲ ಬೀರದೇವರ ಕಥೆಯನ್ನೋ ಅಮೋಘಸಿದ್ಧನ ಪವಾಡವನ್ನೋ ಹಾಡುತ್ತ ಬಂದ ಹಾಡುಗಾರನು, ಕೊನೆಯ ನುಡಿಯಲ್ಲಿ ತಮ್ಮ ಊರು ಯಾವುದು, ಊರಿನ ದೇವರು ಯಾವುದು, ಈ ಪದವನ್ನು ಕಟ್ಟಿಕೊಟ್ಟ ಗುರು ಯಾರು ಎಂಬುದನ್ನು ಅದೇ ಧಾಟಿಯಲ್ಲಿ ಪೋಣಿಸಿ ಹೇಳುತ್ತಾನೆ. ಆ ನುಡಿ ಮುಗಿಯುವ ತನಕ ಕುಳಿತ ಜನ ಮೇಲೇಳುವುದಿಲ್ಲ. ಕಾಗದಪತ್ರಕ್ಕೆ ಸಹಿ ಹೇಗೋ ಹಾಡಿಗೆ ಅಂಕಿತ ಹಾಗೆ. ಸಹಿಯಿಲ್ಲದ ಪತ್ರವನ್ನು ಕಚೇರಿಯಲ್ಲಿ ಯಾರೂ ಕೈಯಿಂದ ಮುಟ್ಟುವುದಿಲ್ಲವಷ್ಟೆ!

ಈ ರೂಢಿ ನಿನ್ನೆ ಮೊನ್ನೆಯದಲ್ಲ. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ವಚನಗಳ ಕೊನೆಗೆ 'ಕೂಡಲಸಂಗಮದೇವ' ಎಂಬ ಅಂಕಿತ ಬಂದೇ ಬರುತ್ತದೆ. ತಾಳೆಗರಿಗಳು ಕೈಯಿಂದ ಕೈಗೆ, ಮಠದಿಂದ ಮನೆಗೆ, ಮನೆಯಿಂದ ಅಟ್ಟಕ್ಕೆ ಶತಮಾನಗಳ ಕಾಲ ಅಲೆದವು. ಬರೆದಿಟ್ಟವರು ಅಳಿದರು, ಕಟ್ಟುಗಳು ಹರಿದವು, ಓಲೆಗಳು ಒಂದರೊಳಗೊಂದು ಬೆರೆತವು. ಆದರೆ ಪ್ರತಿಯೊಂದು ವಚನದ ಬಾಲದಲ್ಲಿ ಅಂಕಿತ ಮಾತ್ರ ಉಳಿದಿತ್ತು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಈ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. 1925ರಲ್ಲಿ ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಯಾವ ವಚನ ಯಾರದೆಂದು ವಿಂಗಡಿಸಲು ಅವರಿಗೆ ಒದಗಿದ ದೊಡ್ಡ ಆಧಾರ ಈ ಅಂಕಿತವೇ. ಅದು ಇರದಿದ್ದರೆ ನೂರಾರು ಶರಣರು ಹೆಸರಿಲ್ಲದ ಒಂದೇ ರಾಶಿಯಲ್ಲಿ ಕರಗಿಹೋಗುತ್ತಿದ್ದರು.

ಶರಣರ ಮಾತಿರಲಿ, ಅರಸನಿಗೂ ಅಂಕಿತದ ಮೋಹ ತಪ್ಪಲಿಲ್ಲ. 1580ರಿಂದ 1627ರವರೆಗೆ ವಿಜಯಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲಶಹನು ಸ್ವತಃ ಸಂಗೀತಗಾರ. ನಗರದ ಪಶ್ಚಿಮಕ್ಕೆ ತೊರವಿಯ ಬಳಿ ನವರಸಪುರವೆಂಬ ಹೊಸ ಊರನ್ನೇ ಕಟ್ಟಿಸಹೊರಟವನು. ಅಲ್ಲಿಯ ಸಂಗೀತಮಹಲಿನ ಪಾಳುಗೋಡೆಗಳು ಇಂದಿಗೂ ನಿಂತಿವೆ. ದಖನಿ ಭಾಷೆಯಲ್ಲಿ ಅವನು ರಚಿಸಿದ 'ಕಿತಾಬ್-ಎ-ನವರಸ್'ದ ಹಾಡುಗಳಲ್ಲಿ ಅವನ ಹೆಸರೂ ಬರುತ್ತದೆ. ಬೊಕ್ಕಸ, ಸೈನ್ಯ, ಸಿಂಹಾಸನ ಎಲ್ಲವೂ ಕೈಯಲ್ಲಿದ್ದವನು ಕೂಡ ಹಾಡಿನೊಳಗೆ ತನ್ನ ಹೆಸರನ್ನು ಇಟ್ಟುಹೋದನೆಂದರೆ, ಹಾಡು ತನಗಿಂತ ದೂರ ನಡೆಯುತ್ತದೆಂಬುದು ಅವನಿಗೆ ಗೊತ್ತಿದ್ದಿರಬೇಕು.

ಅಂಕಿತವಿಲ್ಲದ ಹಾಡುಗಳೂ ಈ ನಾಡಿನಲ್ಲಿ ಹೇರಳವಾಗಿವೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಪ್ರಕಟಿಸಿದಾಗ ಕನ್ನಡ ನಾಡೆಲ್ಲ ಬೆರಗಾಗಿ ಓದಿತು. ಬೀಸುಕಲ್ಲಿನ ಮುಂದೆ ಆ ತ್ರಿಪದಿಗಳನ್ನು ಹಾಡಿಕೊಂಡ ತಾಯಂದಿರು ತಮ್ಮ ಹೆಸರನ್ನು ಎಲ್ಲಿಯೂ ಇಡಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಹಾಡು ಸಂತೆಯ ಸರಕಾಗದಿದ್ದ ಕಾಲ ಅದು. ಹೆಸರಿಲ್ಲದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಹಾಡು ಮಾರಾಟಕ್ಕೆ ಬಂದ ದಿನದಿಂದ ಹೆಸರೆಂಬುದು ಮರ್ಯಾದೆಯ ಗುರುತಾಗಿರುವುದರ ಜೊತೆಗೆ ಹಣ ನಡೆದುಬರುವ ಹಾದಿಯೂ ಆಯಿತು.

ಆ ದಿನ ಭಾರತದಲ್ಲಿ ಬಂದದ್ದು 1902ರಲ್ಲಿ. ಆ ವರ್ಷ ಗ್ರಾಮಾಫೋನ್ ಕಂಪನಿಯ ಜನ ಕಲಕತ್ತೆಗೆ ಬಂದು ಗಾಯಕಿ ಗೌಹರ್ ಜಾನಳ ಹಾಡುಗಳನ್ನು ತಟ್ಟೆಯ ಮೇಲೆ ಹಿಡಿದರು. ಒಂದು ತಟ್ಟೆಗೆ ಸುಮಾರು ಮೂರು ನಿಮಿಷಗಳ ಅವಕಾಶ. ಗಂಟೆಗಟ್ಟಲೆ ರಾಗವನ್ನು ಬೆಳೆಸುವ ಗಾಯಕಿ ಮೂರು ನಿಮಿಷಕ್ಕೆ ಅದನ್ನು ಇಳಿಸಿ, ಹಾಡು ಮುಗಿಯುತ್ತಲೂ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಬೇಕಲ್ಲ! ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅವಳ ಆ ಕೂಗು ಮಾತ್ರ ತಟ್ಟೆಗಳಲ್ಲಿ ಹಾಗೆಯೇ ಉಳಿದಿದೆ. ಯಂತ್ರಯುಗದ ಮೊದಲ ಅಂಕಿತವೆಂದರೆ ಅದೇ.

ಅಂದಿನ ವಿಜಯಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಿಂದ ಹೊರಟು ಮುಂಬಯಿಯ ಚಿತ್ರಲೋಕದಲ್ಲಿ ಮೆರೆದ ಅಮೀರಬಾಯಿ ಇನ್ನೊಂದು ಜಾಣ್ಮೆ ಮಾಡಿದಳು. ತನ್ನ ಹೆಸರಿನ ಬೆನ್ನಿಗೇ 'ಕರ್ನಾಟಕಿ' ಎಂದು ನಾಡನ್ನು ಕಟ್ಟಿಕೊಂಡು ಹೋದಳು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ಅವಳ ಕಂಠ ದೇಶದ ಮೂಲೆಮೂಲೆಗೆ ತಲುಪಿದಾಗ, ಬೀಳಗಿಯನ್ನು ಕಾಣದವರೂ ಕರ್ನಾಟಕದ ಹೆಸರನ್ನು ಉಚ್ಚರಿಸಿದರು. ಆದರೆ ಎಲ್ಲರಿಗೂ ಈ ಭಾಗ್ಯ ಬರಲಿಲ್ಲ. 1949ರ 'ಮಹಲ್' ಚಿತ್ರದ ಹಾಡಿನ ತಟ್ಟೆಯ ಮೇಲೆ ಅಚ್ಚಾದದ್ದು ಕಾಮಿನಿ ಎಂಬ ಪಾತ್ರದ ಹೆಸರು; ಹಾಡಿದವರು ಲತಾ ಮಂಗೇಶಕರ್. ಹೆಸರನ್ನು ಬರೆಯುವ ಲೇಖನಿ ಹಾಡುವವರ ಕೈಯಿಂದ ಮಾರುವವರ ಕೈಗೆ ಹೋಗಿತ್ತೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ತಟ್ಟೆಯ ನಂತರ ಕ್ಯಾಸೆಟ್ಟು. ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆ 1980ರ ಸುಮಾರಿಗೆ ಭಾರತದ ಹಳ್ಳಿಗಳನ್ನು ಹೊಕ್ಕಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಧಾಟಿ ಕಟ್ಟಿದ 'ನಿತ್ಯೋತ್ಸವ' 1978ರಲ್ಲಿ ಬಂದು ಕನ್ನಡ ಭಾವಗೀತೆಗೆ ಕ್ಯಾಸೆಟ್ಟಿನ ಬಾಗಿಲನ್ನು ತೆರೆಯಿತು. ತಟ್ಟೆಗೆ ಕಾರಖಾನೆ ಬೇಕು. ಕ್ಯಾಸೆಟ್ಟಿಗೆ ಎರಡು ಯಂತ್ರ, ಒಂದು ಮೇಜು ಸಾಕು. ಹೀಗಾಗಿ ದೊಡ್ಡ ಕಂಪನಿಗಳು ತಿರುಗಿಯೂ ನೋಡದಿದ್ದ ಗೀಗೀ ಪದ, ಭಜನೆಯ ಪದ, ರಿವಾಯತ್ ಪದ, ಡೊಳ್ಳಿನ ಪದಗಳೆಲ್ಲ ಜಾತ್ರೆಯ ಅಂಗಡಿಗಳಲ್ಲಿ ಬೆಂಡು-ಬೆತ್ತಾಸಿನ ಪಕ್ಕದಲ್ಲಿ ಮಾರಾಟಕ್ಕೆ ಕುಳಿತವು.

ಇಟ್ಟಂಗಿಹಾಳಕ್ಕೆ ಈ ವ್ಯಾಪಾರ ಬಂದದ್ದು ಹೀಗೆಯೇ. ವಿಜಯಪುರ ನಗರಕ್ಕೆ ಸಮೀಪದ, ಈಗ ತಿಕೋಟಾ ತಾಲೂಕಿಗೆ ಸೇರಿದ ಊರು ಅದು. ಜೋಳದ ಸೀಮೆ, ಈಚೆಗೆ ದ್ರಾಕ್ಷಿಯ ಸೀಮೆ. ಅಲ್ಲಿ ಒಬ್ಬ ಡೊಳ್ಳಿನ ಹಾಡುಗಾರನಿದ್ದಾನೆ. ಈಗ ಎಪ್ಪತ್ತೈದು ದಾಟಿರುವ ಅವನನ್ನು ಊರಿನವರೆಲ್ಲ ಮುತ್ಯಾ ಎಂದೇ ಕರೆಯುವುದು. ಹರೆಯದಲ್ಲಿ ಗುರುವಿನ ಬಳಿ ಪದಗಳನ್ನು ಬಾಯಿಪಾಠ ಮಾಡಿ, ಅರಕೇರಿಯ ಅಮೋಘಸಿದ್ಧನ ಜಾತ್ರೆಯಿಂದ ಗಡಿಯಾಚೆಯ ಹುಲಜಂತಿಯವರೆಗೆ ಮೇಳ ಕಟ್ಟಿಕೊಂಡು ತಿರುಗಿದವನು. ಓದುಬರಹ ಅಷ್ಟಕ್ಕಷ್ಟೇ; ಆದರೆ ನೂರಾರು ನುಡಿಗಳ ಕಥೆಯನ್ನು ಒಂದಕ್ಷರ ತಪ್ಪದೆ ಬೆಳಗಿನವರೆಗೆ ಹಾಡಬಲ್ಲ.

ಕ್ಯಾಸೆಟ್ಟಿನ ಸುಗ್ಗಿಯ ದಿನಗಳಲ್ಲಿ ಒಬ್ಬ ವ್ಯಾಪಾರಿ ಬಂದು ಆ ಮೇಳದ ಒಂದು ರಾತ್ರಿಯ ಹಾಡನ್ನು ಯಂತ್ರದಲ್ಲಿ ತುಂಬಿಕೊಂಡುಹೋದ. ಮೇಳದವರಿಗೆ ಒಂದೊಂದು ತೆಂಗಿನಕಾಯಿ, ಮುತ್ಯಾನಿಗೆ ಒಂದು ಶಾಲು, ಎಲ್ಲರ ಊಟದ ಖರ್ಚು. ಕೆಲವು ತಿಂಗಳ ಮೇಲೆ ಹತ್ತು ಕ್ಯಾಸೆಟ್ಟುಗಳು. ಕಾಗದವಿಲ್ಲ, ಕರಾರಿಲ್ಲ. ಅಂದು ಅದನ್ನು ಅನ್ಯಾಯವೆಂದು ಯಾರೂ ಬಗೆಯಲಿಲ್ಲ. ತಮ್ಮ ಊರಿನ ಹೆಸರು ಅಚ್ಚಾಗಿ ಬಂತಲ್ಲ ಎಂದು ಊರೇ ಹಿಗ್ಗಿತು. ಕ್ಯಾಸೆಟ್ಟಿನ ಎರಡನೆಯ ಬದಿಯ ತುದಿಯಲ್ಲಿ ಅಂಕಿತದ ನುಡಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದರಲ್ಲಿ ಇಟ್ಟಂಗಿಹಾಳವಿತ್ತು, ಗುರುವಿನ ಹೆಸರಿತ್ತು. ಮುತ್ಯಾನಿಗೆ ಅಷ್ಟು ಸಾಕಾಗಿತ್ತು.

ಮುಂದಿನ ಕಥೆ ಹೊರಜಗತ್ತಿನಲ್ಲಿ ಬಹಳ ವೇಗವಾಗಿ ನಡೆಯಿತು. 1999ರಲ್ಲಿ ಅಮೆರಿಕೆಯಲ್ಲಿ ನ್ಯಾಪ್‌ಸ್ಟರ್ ಎಂಬ ಏರ್ಪಾಡು ಹುಟ್ಟಿ, ಹಾಡುಗಳನ್ನು ಜನರು ಇಂಟರ್ನೆಟ್ಟಿನ ಮೂಲಕ ಪುಕ್ಕಟೆಯಾಗಿ ಹಂಚಿಕೊಳ್ಳತೊಡಗಿದರು. ಕಂಪನಿಗಳು ಕೋರ್ಟು ಹತ್ತಿದವು. 2003ರಲ್ಲಿ ಆ್ಯಪಲ್ ಕಂಪನಿ ಒಂದೊಂದು ಹಾಡನ್ನು ಒಂದು ಡಾಲರಿಗೆ ಒಂದು ಸೆಂಟು ಕಡಿಮೆ ಬೆಲೆಗೆ ಬಿಡಿಬಿಡಿಯಾಗಿ ಮಾರಲು ಅಂಗಡಿ ತೆರೆಯಿತು. ನಮ್ಮ ಹಳ್ಳಿಗಳಲ್ಲಿ ಇದೇ ವ್ಯಾಪಾರ ಬೇರೊಂದು ವೇಷದಲ್ಲಿ ನಡೆಯಿತು. ಮೊಬೈಲು ಅಂಗಡಿಗೆ ಹೋಗಿ ಇಪ್ಪತ್ತು ಮೂವತ್ತು ರೂಪಾಯಿ ಕೊಟ್ಟರೆ, ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ ನೂರಾರು ಹಾಡುಗಳನ್ನು ತುಂಬಿಕೊಡುತ್ತಿದ್ದರು. ಹಳೆಯ ಕ್ಯಾಸೆಟ್ಟುಗಳೆಲ್ಲ ಆಗಲೇ ಯಾರುಯಾರದೋ ಕಂಪ್ಯೂಟರುಗಳನ್ನು ಸೇರಿದವು. ಆ ಇಪ್ಪತ್ತು ರೂಪಾಯಿಯಲ್ಲಿ ಹಾಡಿದವನಿಗೆ ಒಂದು ಕಾಸೂ ಹೋಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟರವರೆಗೆ ಹಾಡನ್ನು ಕೊಳ್ಳುವುದೆಂದರೆ ಕಾಳು ಕೊಂಡು ಮನೆಗೆ ಒಯ್ದಂತೆ. ಒಮ್ಮೆ ಕೊಂಡರೆ ಅದು ನಮ್ಮದು. ಸ್ವೀಡನ್ನಿನ ಸ್ಪಾಟಿಫೈ 2008ರಲ್ಲಿ ಆರಂಭಿಸಿದ, 2019ರ ಫೆಬ್ರವರಿಯಲ್ಲಿ ಭಾರತಕ್ಕೆ ತಂದ ಸ್ಟ್ರೀಮಿಂಗ್ ಪದ್ಧತಿ ಕಾಲುವೆಯ ನೀರಿದ್ದಂತೆ. ನೀರು ಹರಿಯುವ ತನಕ ಕುಡಿಯಬೇಕು. ತಿಂಗಳ ಬಾಡಿಗೆ ನಿಂತರೆ ತೂಬು ಮುಚ್ಚುತ್ತದೆ. ಬಾಡಿಗೆ ಕೊಡದವರು ಜಾಹೀರಾತುಗಳನ್ನು ಕೇಳುತ್ತ ಕುಡಿಯಬಹುದು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಇಂಟರ್ನೆಟ್ಟು ಅಗ್ಗವಾದ ಮೇಲೆ ನಮ್ಮ ಕುರಿಗಾಹಿಯ ಕೈಯಲ್ಲಿಯೂ ಈ ಕಾಲುವೆ ಹರಿಯತೊಡಗಿತು. 1999ರ ನಂತರ ಹೆಚ್ಚುಕಡಿಮೆ 15 ವರ್ಷ ಕುಸಿಯುತ್ತ ಹೋದ ಜಗತ್ತಿನ ಧ್ವನಿಮುದ್ರಣದ ವ್ಯಾಪಾರ ಇದರಿಂದಲೇ ಚೇತರಿಸಿಕೊಂಡು, 2024ರಲ್ಲಿ 2,960 ಕೋಟಿ ಡಾಲರುಗಳನ್ನು ಮುಟ್ಟಿತು. ಅದರಲ್ಲಿ ನೂರಕ್ಕೆ 69 ಪಾಲು ಬಂದದ್ದು ಈ ಕಾಲುವೆಯಿಂದ.

ಹಣ ಬಂತು, ಸರಿ. ಅದು ಹಂಚಿಕೆಯಾಗುವುದು ಹೇಗೆ? ಇದನ್ನು ತಿಳಿಯಬೇಕಾದರೆ ನಮ್ಮ ಹಳೆಯ ಕಣವನ್ನು ನೆನೆಯಬೇಕು. ಸುಗ್ಗಿಯಲ್ಲಿ ರಾಶಿಯಾದಾಗ ಬಡಿಗ, ಕಮ್ಮಾರ, ನಾವಿದರಿಗೆ ರೈತನು ಆಯ ಕೊಡುತ್ತಿದ್ದ. ನನ್ನ ಕೂರಿಗೆಯನ್ನು ಸರಿಮಾಡಿದ ಬಡಿಗನಿಗೆ ನನ್ನ ರಾಶಿಯಿಂದ ಪಾಲು ಎಂಬುದು ಅಲ್ಲಿಯ ನ್ಯಾಯ. ಹೊಸ ವ್ಯಾಪಾರದಲ್ಲಿ ದೇಶದ ಎಲ್ಲ ಕೇಳುಗರ ಹಣವನ್ನೂ ಸಾಮಾನ್ಯವಾಗಿ ಒಂದೇ ರಾಶಿ ಹಾಕುತ್ತಾರೆ. ಆಮೇಲೆ ಒಟ್ಟು ಕೇಳಿಕೆಯಲ್ಲಿ ಯಾವ ಹಾಡಿಗೆ ಎಷ್ಟು ಪಾಲೋ ಅಷ್ಟು ಅಳೆದುಕೊಡುತ್ತಾರೆ. ಇಟ್ಟಂಗಿಹಾಳದ ರೈತನೊಬ್ಬ ತಿಂಗಳ ಬಾಡಿಗೆ ಕೊಟ್ಟು ಡೊಳ್ಳಿನ ಪದಗಳನ್ನಷ್ಟೇ ಕೇಳಿದನೆನ್ನಿ. ಅವನ ಹಣದ ಬಹುಭಾಗ ಹೋಗುವುದು ಅವನು ಎಂದೂ ಕೇಳದ ಚಲನಚಿತ್ರದ ಹಾಡುಗಳಿಗೆ. ಏಕೆಂದರೆ ದೇಶದ ಒಟ್ಟು ಕೇಳಿಕೆಯಲ್ಲಿ ಅವುಗಳದೇ ಮೇಲುಗೈ. ಕೂರಿಗೆ ಮಾಡಿದ ಬಡಿಗನ ಆಯವನ್ನು ಪಟ್ಟಣದ ಕಾರಖಾನೆಗೆ ಅಳೆದಂತೆ ಆಯಿತು.

ಇನ್ನೂ ಎರಡು ಕಟ್ಟಳೆಗಳಿವೆ. ಸ್ಪಾಟಿಫೈಯಲ್ಲಿ ಹಾಡನ್ನು 30 ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಕೇಳಿಕೆ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಕೇಳಿಕೆಯನ್ನು ಮುಟ್ಟದ ಹಾಡಿನ ಧ್ವನಿಮುದ್ರಿಕೆಗೆ ಅಲ್ಲಿ ಪಾಲೇ ಇಲ್ಲ. ಮೊದಲ ಅರ್ಧ ನಿಮಿಷದಲ್ಲಿಯೇ ಕೇಳುಗನನ್ನು ಹಿಡಿಯಬೇಕು; ಗಣಪತಿಯ ಸ್ತುತಿ, ಗುರುವಿನ ಸ್ಮರಣೆ, ಡೊಳ್ಳಿನ ನಿಧಾನದ ಪೆಟ್ಟು ಇವಕ್ಕೆಲ್ಲ ಎಡೆಯೆಲ್ಲಿ? ಹೊಸ ಹುಡುಗರು ಇದನ್ನು ಬೇಗ ಅರಿತರು. ಉತ್ತರ ಕರ್ನಾಟಕದಲ್ಲಿ ಟ್ರ್ಯಾಕ್ಟರಿನ ಮೇಲೆ ದೊಡ್ಡ ಪೆಟ್ಟಿಗೆಗಳನ್ನಿಟ್ಟು ಬಾರಿಸುವ ಈಗಿನ ಜಾನಪದ ಹಾಡುಗಳಲ್ಲಿ ಎಷ್ಟೋ ಕಡೆ ಆರಂಭದಲ್ಲಿಯೇ ಚಾನೆಲ್ಲಿನ ಹೆಸರು, ಹಾಡುಗಾರನ ಹೆಸರು ಅಬ್ಬರಿಸಿ ಬರುತ್ತವೆ. ಅಂಕಿತ ಬಾಲದಿಂದ ತಲೆಗೆ ಏರಿದೆ! ಹಳಬರ ಹಾಡಿನಲ್ಲಿ ಅದು ಇನ್ನೂ ತುದಿಯಲ್ಲಿಯೇ ಉಳಿದಿದೆ. ತುದಿಯವರೆಗೆ ಕೇಳುವ ತಾಳ್ಮೆ ಕೇಳುಗನಲ್ಲಿ ಉಳಿದಿಲ್ಲ.

ಮುತ್ಯಾನ ಮೊಮ್ಮಗ ವಿಜಯಪುರದ ಕಾಲೇಜಿನಲ್ಲಿ ಓದುವ ಹುಡುಗ. ಒಂದು ಸಂಜೆ ಬಸ್ಸಿನಲ್ಲಿ ಬರುತ್ತಿರುವಾಗ ಮುಂದಿನ ಸೀಟಿನವನ ಮೊಬೈಲಿನಿಂದ ಪರಿಚಿತ ಕಂಠವೊಂದು ಕೇಳಿಸಿತು. ಕೆಳಗೆ ಡಿಜೆಯ ಹೊಸ ಬಡಿತ. ಮೇಲೆ ಮುತ್ಯಾನ ಧ್ವನಿ, ಮೂವತ್ತು ವರ್ಷ ಹಿಂದಿನದು, ಏರುಹರೆಯದ ಗತ್ತಿನದು. ಹುಡುಗ ಅದರ ವಿಳಾಸ ಕೇಳಿ ಪಡೆದು, ಮನೆಗೆ ಓಡಿಬಂದು, ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದ ಅಜ್ಜನ ಕಿವಿಗೆ ಹಿಡಿದ. ಮುದುಕ ಕಣ್ಣು ಮುಚ್ಚಿ, ಹೊರಸಿನ ಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳಿದ. ನಾಲ್ಕು ನಿಮಿಷಕ್ಕೆ ಹಾಡು ನಿಂತಿತು. ಬೆರಳು ಮೇಲಕ್ಕೆತ್ತಿದ್ದು ಹಾಗೆಯೇ ಉಳಿಯಿತು.

"ಮುಂದ?"

"ಇಷ್ಟ ಐತಿ ಮುತ್ಯಾ."

"ಇಷ್ಟ ಅಂದ್ರ ಹ್ಯಾಂಗೋ ತಮ್ಮಾ? ಕೊನೀ ನುಡಿ ಎಲ್ಲಿ ಹೋತು?"

ಹುಡುಗ ಅಜ್ಜನನ್ನು ಸಂತೋಷಪಡಿಸಲೆಂದು, "ಎಂಟು ಲಕ್ಷ ಸಲ ಕೇಳ್ಯಾರ ಮುತ್ಯಾ ಇದನ್ನ!" ಎಂದ.

ಮುದುಕನ ಮುಖ ಇನ್ನಷ್ಟು ಕುಗ್ಗಿತು. "ಹಂಗಾದ್ರ ಎಂಟು ಲಕ್ಷ ಸಲ ನಾ ಗುರು ಇಲ್ಲದಂವ ಅಂತ ಸಾರಿದಂಗಾತಲ್ಲೋ!"

ಹುಡುಗನಿಗೆ ಹಣದ ಚಿಂತೆ, ಮುದುಕನಿಗೆ ಗುರುವಿನ ಚಿಂತೆ. ಎರಡೂ ಒಂದೇ ಗಾಯದ ಎರಡು ಬದಿಗಳೆಂಬುದು ಹುಡುಗನಿಗೆ ತಿಳಿದದ್ದು ಮುಂದಿನ ಕೆಲವು ತಿಂಗಳಲ್ಲಿ. ಚಾನೆಲ್ಲಿನವರಿಗೆ ಬರೆದ, ಮೊದಲ ಪತ್ರಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ಕ್ಯಾಸೆಟ್ಟಿನ ಹಕ್ಕನ್ನು ತಾವು ಕೊಂಡಿರುವುದಾಗಿ ಒಂದು ಸಾಲಿನ ಜವಾಬು ಬಂತು. ಮನೆಯಲ್ಲಿ ಉಳಿದಿದ್ದ ಒಂದು ಕ್ಯಾಸೆಟ್ಟಿನಿಂದ ಇಡೀ ಹಾಡನ್ನು ತೆಗೆದು, ಅಂಕಿತದ ಸಮೇತ ಅವನೇ ಇಂಟರ್ನೆಟ್ಟಿಗೆ ಏರಿಸಿದ. ಧ್ವನಿಯ ಬೆರಳಚ್ಚನ್ನು ಹೋಲಿಸಿನೋಡುವ ಯಂತ್ರ ಒಂದಿದೆ. ಯೂಟ್ಯೂಬು 2007ರಿಂದಲೇ ಅದನ್ನು ಬಳಸುತ್ತ ಬಂದಿದೆ. ಮೊದಲು ದಾಖಲಾದವನೇ ಒಡೆಯನೆಂದು ಅದು ತಿಳಿಯುತ್ತದೆ. ಇದು ಪರರ ಸೊತ್ತು ಎಂದು ಅದು ಹುಡುಗನಿಗೆ ಎಚ್ಚರಿಕೆ ಕೊಟ್ಟಿತು. ಅಜ್ಜನ ಕಂಠಕ್ಕೆ ಅಜ್ಜನ ಮನೆಯೇ ಪರಕೀಯವಾಯಿತು.

ಯಂತ್ರಕ್ಕೆ ದ್ವೇಷವಿಲ್ಲ, ಪಕ್ಷಪಾತವೂ ಇಲ್ಲ. ಅದಕ್ಕೆ ಕನ್ನಡದ ಅಂಕಿತ ತಿಳಿಯದು, ಅಷ್ಟೆ. ಹಾಡಿನೊಳಗೆ ಹಾಡಿಟ್ಟ ಹೆಸರನ್ನು ಹಣ ಹಂಚುವ ಲೆಕ್ಕದ ಪುಸ್ತಕ ಓದುವುದಿಲ್ಲ. ಹಾಡಿನ ಹೊರಗೆ, ಗೊತ್ತುಮಾಡಿದ ಕೋಷ್ಟಕಗಳಲ್ಲಿ ಬರೆದದ್ದನ್ನು ಮಾತ್ರ ಓದುತ್ತದೆ. ಪದ ಕಟ್ಟಿದವರು ಯಾರು, ಧಾಟಿ ಯಾರದು, ಹಾಡಿದವರು ಯಾರು, ಬಾರಿಸಿದವರು ಯಾರು, ಮುದ್ರಿಸಿದವರು ಯಾರು ಎಂದು ಅಲ್ಲಿ ಬೇರೆಬೇರೆ ಮನೆಗಳಿರುತ್ತವೆ. ಜೊತೆಗೆ ಪ್ರತಿ ಧ್ವನಿಮುದ್ರಿಕೆಗೂ 12 ಅಕ್ಷರ-ಅಂಕಿಗಳ ಒಂದು ಅಂತರರಾಷ್ಟ್ರೀಯ ಗುರುತು ಇರುತ್ತದೆ, ಅದನ್ನು ಐ.ಎಸ್.ಆರ್.ಸಿ. ಎನ್ನುತ್ತಾರೆ. ಈ ಮನೆಗಳನ್ನು ತುಂಬಿದವನಿಗೆ ಪಾಲು, ತುಂಬದವನಿಗೆ ಸೊನ್ನೆ.

ಕಾನೂನು ಹಾಡುಗಾರನನ್ನು ಪೂರ್ತಿ ಕೈಬಿಟ್ಟಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಖರ್ಚು ಹಾಕಿ ಧ್ವನಿಮುದ್ರಣ ಮಾಡಿಸಿದವನಿಗೆ ಆ ಮುದ್ರಿಕೆಯ ಮೇಲೆ 60 ವರ್ಷ ಹಕ್ಕಿರುವುದು ದಿಟ. ಆದರೆ 2012ರಲ್ಲಿ ತಿದ್ದುಪಡಿಯಾದ ಭಾರತದ ಕೃತಿಸ್ವಾಮ್ಯದ ಕಾಯಿದೆ ಎರಡು ಒಳ್ಳೆಯ ಮಾತುಗಳನ್ನು ಸೇರಿಸಿತು. ಚಿತ್ರದ ಹಾಡೇ ಇರಲಿ, ಬಿಡಿ ಹಾಡೇ ಇರಲಿ, ಕವಿ ಮತ್ತು ಸಂಗೀತ ಸಂಯೋಜಕರು ತಮ್ಮ ಪಾಲಿನ ಗೌರವಧನವನ್ನು ಕಂಪನಿಗೆ ಬಿಟ್ಟುಕೊಡುವಂತೆ ಬರೆಸಿಕೊಂಡರೆ ಅದು ಸಲ್ಲದು ಎಂಬುದು ಒಂದು. ಹಾಡಿದವನು, ಹಕ್ಕನ್ನು ಮಾರಿದ ಮೇಲೂ, ಇದನ್ನು ಹಾಡಿದವನು ನಾನೆಂದು ಗುರುತಿಸಲ್ಪಡುವ ಹಕ್ಕುಳ್ಳವನು ಎಂಬುದು ಇನ್ನೊಂದು. ಬಳಕೆಯ ರೀತಿಯಿಂದಾಗಿ ಹೆಸರು ಹೇಳಲಾಗದ ಸಂದರ್ಭವನ್ನು ಮಾತ್ರ ಅದು ಹೊರಗಿಟ್ಟಿದೆ. ಹಳ್ಳಿಯ ಹಾಡುಗಾರ ಅಂಕಿತವೆಂದು ಕರೆಯುತ್ತಿದ್ದುದನ್ನು ದೆಹಲಿಯ ಸಂಸತ್ತು ಕಲಮಿನಲ್ಲಿ ಬರೆದಿಟ್ಟಿದೆ ಎನ್ನಬಹುದು. ಕಲಮು ಪುಸ್ತಕದಲ್ಲಿದೆ; ಅದನ್ನು ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತಲು ಇಟ್ಟಂಗಿಹಾಳದಿಂದ ಬಸ್ಸು ಸಿಗುವುದು ಮಾತ್ರ ಕಷ್ಟ.

ಕೊನೆಗೆ ಹುಡುಗ ಜಗಳದ ದಾರಿಯನ್ನು ಬಿಟ್ಟು ಹೊಸದಾಗಿ ಹಾಡಿಸುವ ದಾರಿ ಹಿಡಿದ. ಆರು ಮಂದಿಯ ಹಳೆಯ ಮೇಳದಲ್ಲಿ ಇಬ್ಬರು ತೀರಿಕೊಂಡಿದ್ದರು; ಉಳಿದ ನಾಲ್ವರು ಸೇರಿದರು. ಮುತ್ಯಾನ ಧ್ವನಿ ಮೊದಲಿನಂತಿರಲಿಲ್ಲ, ಏರಿನಲ್ಲಿ ಒಡೆಯುತ್ತಿತ್ತು. ಹಾಡಿಸುವ ಮುಂಚೆ ಅಜ್ಜ-ಮೊಮ್ಮಗನಲ್ಲಿ ಒಂದು ಚರ್ಚೆಯೂ ನಡೆಯಿತು. ಜನ ಕೊನೆಯವರೆಗೆ ಕೇಳುವುದಿಲ್ಲ, ಅಂಕಿತವನ್ನು ಮೊದಲಿಗೇ ಹಾಡಿಬಿಡು ಎಂದು ಹುಡುಗನ ವಾದ.

"ಬಿತ್ತೂಕಿಂತ ಮೊದಲ ರಾಶಿ ಮಾಡ್ತಾರೇನೋ ತಮ್ಮಾ?" ಎಂದ ಮುದುಕ. "ಕಥೀ ಹಾಡಿ ಮುಗಿಸಿದ ಮ್ಯಾಲ ಗುರುವಿನ ಹೆಸರು ಹೇಳೂ ಯೋಗ್ಯತಾ ಬರತೈತಿ. ಮೊದಲ ಹೇಳಿದ್ರ ಅದು ಡಂಗುರ ಆಗತೈತಿ."

ಹುಡುಗ ಸೋತ, ಸೋತು ಒಂದು ಉಪಾಯ ಕಂಡ. ಹಾಡಿನೊಳಗೆ ಅಂಕಿತ ಅದರ ಸ್ಥಾನದಲ್ಲಿಯೇ ಉಳಿಯಲಿ. ಹೊರಗಿನ ಕೋಷ್ಟಕಗಳನ್ನು ಒಂದೂ ಬಿಡದೆ ತುಂಬೋಣ ಎಂದು ಅರ್ಜಿಯನ್ನು ತೆರೆದು ಕುಳಿತ.

ಇದರಿಂದ ಸಂಪತ್ತು ಸುರಿಯಿತೆಂದು ಬರೆದರೆ ಅದು ಸುಳ್ಳಾದೀತು. ಒಂದು ವರ್ಷ ಕಳೆದರೂ ಆ ಹಾಡು ಸಾವಿರದ ಗಡಿ ಮುಟ್ಟಲಿಲ್ಲ; ಪಾಲು ಸೊನ್ನೆ. ಅಂಕಿತ ಕಡಿದ ಹಳೆಯ ಹಾಡು ಎಂಟರಿಂದ ಹತ್ತು ಲಕ್ಷಕ್ಕೆ ಏರಿತು. ಆದರೆ ಒಂದು ದಿನ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಯೊಂದರಿಂದ ದೂರವಾಣಿ ಬಂತು. ಜಾತ್ರೆಗೆ ಮೇಳ ಬೇಕಾಗಿತ್ತು ಅವರಿಗೆ. ಹಳೆಯ ಹಾಡನ್ನು ಅವರು ಮೊದಲೇ ಕೇಳಿದ್ದರು, ಮೆಚ್ಚಿದ್ದರು, ಯಾರದೆಂದು ಗೊತ್ತಿರಲಿಲ್ಲ. ಹೊಸದರ ಕೆಳಗೆ ಊರು, ಮೇಳ, ದೂರವಾಣಿಯ ಅಂಕಿ ಎಲ್ಲವೂ ಬರೆದಿದ್ದವು. ಆ ಜಾತ್ರೆಯಲ್ಲಿ ಮೇಳಕ್ಕೆ ಸಿಕ್ಕ ಸಂಭಾವನೆ ಕ್ಯಾಸೆಟ್ಟಿನ ಶಾಲಿಗಿಂತ ಬಹು ಪಾಲು ಹೆಚ್ಚಿನದು. ಈ ಭಾಗದ ಹಾಡುಗಾರರಲ್ಲಿ ಅನೇಕರ ಅನುಭವ ಇದೇ: ಮೊಬೈಲಿನ ಹಾಡು ಡಂಗುರ, ಜಾತ್ರೆಯ ವೇದಿಕೆ ಕಣ. ಡಂಗುರ ಎಲ್ಲಿಯದೆಂದು ತಿಳಿದರೆ ತಾನೆ ಜನ ಕಣದ ಹಾದಿ ಹಿಡಿಯುವುದು?

ಇಂದು ಹಾಡಿನ ವ್ಯಾಪಾರ ಕೆಟ್ಟುಹೋಯಿತೆಂದು ಅಳುವವರಿದ್ದಾರೆ. ಸ್ವರ್ಗವೇ ಧರೆಗಿಳಿಯಿತೆಂದು ಕುಣಿಯುವವರೂ ಇದ್ದಾರೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಮುಂಬಯಿಗೆ ಹೋಗದೆ, ಕಂಪನಿಯ ಬಾಗಿಲು ಕಾಯದೆ, ಹಳ್ಳಿಯ ಹುಡುಗನೊಬ್ಬ ತನ್ನ ಹಾಡನ್ನು ಜಗತ್ತಿನ ಮುಂದೆ ಇಡಬಲ್ಲ ಕಾಲ ಇದಕ್ಕೆ ಮೊದಲು ಎಂದೂ ಇರಲಿಲ್ಲ. ಹಾಡು ಇಷ್ಟು ಸುಲಭವಾಗಿ ತನ್ನವರಿಂದ ಕಡಿದುಹೋಗುವ ಕಾಲವೂ ಎಂದೂ ಇರಲಿಲ್ಲ. ಇವೆರಡರ ನಡುವೆ ನಿಂತಿರುವುದು ಒಂದು ಚಿಕ್ಕ ಕೆಲಸ. ತಿಕೋಟಾ, ಬಬಲೇಶ್ವರ, ಇಂಡಿ, ಸಿಂದಗಿಗಳ ಪ್ರತಿಯೊಂದು ಮೇಳವೂ ತನ್ನ ಪದಗಳನ್ನು ಕಟ್ಟಿದವರ, ಹಾಡುವವರ, ಬಾರಿಸುವವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಮುದ್ರಿಸಲು ಬಂದವರಿಂದ ನಾಲ್ಕು ಸಾಲಿನ ಕರಾರು ಬರೆಯಿಸಿಕೊಳ್ಳಬೇಕು. ಶಾಲೆಗೆ ಹೋಗುವ ಮಕ್ಕಳಿರುವ ಯಾವ ಊರಿಗೂ ಇದು ಅಸಾಧ್ಯವಲ್ಲ. ಹಳಕಟ್ಟಿಯವರು ಓಲೆಗಳನ್ನು ವಿಂಗಡಿಸಿದ ಜಿಲ್ಲೆಗೆ ಈ ಕೆಲಸ ಹೊಸದೂ ಅಲ್ಲ.

ಅರ್ಜಿ ತುಂಬಿದ ದಿನ ಪದ ಕಟ್ಟಿದವರ ಮನೆಯಲ್ಲಿ ಮುತ್ಯಾ ಗುರುವಿನ ಹೆಸರನ್ನು ಹೇಳಿ ಬರೆಯಿಸಿದ. ಎರಡು ಸಲ ಓದಿಸಿ ಕೇಳಿದ. ಹಾಡಿದವರ ಮನೆಗೆ ಬಂದಾಗ ತನ್ನ ಹೆಸರಿನ ಜೊತೆಗೆ ಉಳಿದ ಐವರ ಹೆಸರನ್ನೂ ಹೇಳತೊಡಗಿದ. ಈ ಸಲ ಹಾಡಿದವರು ನಾಲ್ವರೇ ಎಂದು ಹುಡುಗ ನೆನಪಿಸಿದ. ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆ ಇಬ್ಬರು ಎಲ್ಲಿ ಹೋಗಬೇಕೋ?" ಎಂದ. ಅರ್ಜಿಯಲ್ಲಿ ಅದಕ್ಕೆ ಮನೆಯಿರಲಿಲ್ಲ. ಹಾಡಿನ ವಿವರ ಬರೆಯುವ ಜಾಗದಲ್ಲಿ, ಈ ಪದವನ್ನು ಮೊದಲು ತಮ್ಮೊಡನೆ ಹಾಡಿದವರೆಂದು ಹುಡುಗ ಆ ಇಬ್ಬರ ಹೆಸರನ್ನೂ ಸೇರಿಸಿದ. ಆಮೇಲೆ ಅಜ್ಜ ಒತ್ತೆಂದು ಹೇಳಿದ ಮೇಲೆಯೇ ಗುಂಡಿಯನ್ನು ಒತ್ತಿದ.